ಜೇನು ಸಾಕುವವರ ಕೋಣೆ

ಚೀಟಿಯಲ್ಲಿ ಇದ್ದದ್ದು ಇಷ್ಟು: ಮಂಗಳವಾರ, ಸಂಜೆ ಆರೂವರೆ,
ಹಳೆ ಮೀನುಪೇಟೆಯ ಹಿಂದಿನ ಇಟ್ಟಿಗೆ ಕಟ್ಟಡ.
ಬೋರ್ಡು ಇರುವುದಿಲ್ಲ.

ಬೋರ್ಡಿಲ್ಲದ್ದನ್ನು ಹುಡುಕುವುದು ಹೇಗೆಂದು
ಬರೆದುಕೊಟ್ಟ ನರ್ಸನ್ನು ಕೇಳಬೇಕಿತ್ತು. ಕೇಳಲಿಲ್ಲ.
ಬಾಯಿ ತೆರೆದರೆ ವಾಸನೆ ಬಂದೀತೆಂದು
ಹದಿನಾಲ್ಕು ವರ್ಷ ಗಿಡ್ಡ ಮಾತುಗಳಲ್ಲೇ ಬದುಕಿದವಳು ನಾನು.

ಕ್ಲೈಪೆಡಾದ ಗಾಳಿಗೆ ಮಾನ ಮರ್ಯಾದೆ ಇಲ್ಲ.
ಸಮುದ್ರದಿಂದ ಎದ್ದು ಬಂದದ್ದೇ ಕೋಟಿನೊಳಗೆ ಕೈ ಹಾಕುತ್ತದೆ,
ಏನು ಬಚ್ಚಿಟ್ಟಿದ್ದೀ ತೋರಿಸು ಅನ್ನುವ ಹಾಗೆ.
ಆವತ್ತು ಏನೂ ಇರಲಿಲ್ಲ. ಬರೀ ಚೀಟಿ.
ಒಂಬತ್ತು ದಿನದಿಂದ ಕ್ರೇನಿನ ಕೀಲಿಯೂ ಇಲ್ಲ.
"ಜಿವಿಲೆ, ಕೀಲಿ" ಎಂದು ಫೋರ್‌ಮನ್ ವಿಡ್‌ಮಂತಾಸ್
ಕೈ ಚಾಚಿ ನಿಂತಿದ್ದ. ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.

ಕಟ್ಟಡಕ್ಕೆ ಮೂರು ಸುತ್ತು ಹಾಕಿದೆ.
ಒಂದು, ಬಾಗಿಲು ಹುಡುಕಲು.
ಇನ್ನೊಂದು, ಗುರುತಿನವರು ಯಾರೂ ಇಲ್ಲವೆಂಬ ಖಾತ್ರಿಗೆ.
ಮೂರನೆಯದು, ನಿಜ ಹೇಳಬೇಕೆಂದರೆ, ಮೂಲೆಯಂಗಡಿಯ ಗಾಜಿನೊಳಗೆ
ಸಾಲಾಗಿ ನಿಂತ ಬಾಟಲಿಗಳ ಮುಂದೆ ಹಾದುಹೋಗಲು.
ಅವು ನನ್ನನ್ನು ಕಂಡೂ ಕಾಣದಂತಿದ್ದವು.

ನೆಲಮಾಳಿಗೆಯಲ್ಲಿ ಬೆಳಕಿತ್ತು. ಇಳಿದೆ.
ಹನ್ನೊಂದು ಜನ, ದುಂಡಗೆ ಕುರ್ಚಿ.
ಮುದುಕನೊಬ್ಬ ಗಲ್ಲದಿಂದಲೇ ಖಾಲಿ ಕುರ್ಚಿ ತೋರಿಸಿದ.
ಕೂತೆ, ಮೈಯೆಲ್ಲ ಕಿವಿಯಾಗಿ.

"ಈ ಚಳಿಗಾಲ ನನ್ನವು ಅರ್ಧಕ್ಕರ್ಧ ಸತ್ತವು,"
ಕೆಂಪು ಟೊಪ್ಪಿಯವಳು ಹೇಳುತ್ತಿದ್ದಳು,
"ಸಕ್ಕರೆ ಕೊಟ್ಟೆ, ಬೆಚ್ಚಗೆ ಹೊದಿಸಿದೆ. ತಪ್ಪು ನನ್ನದೇ.
ಸುಮ್ಮನಿರಲಾಗದೆ ಪದೇ ಪದೇ ತೆರೆದು ನೋಡಿದೆ."
ನನಗೆ ಎಲ್ಲ ಅರ್ಥವಾಯಿತು.
ಸತ್ತದ್ದು ದಿನಗಳಿರಬೇಕು ಅಂದುಕೊಂಡೆ.

"ರಾಣಿ ಹೋದರೆ ಪೆಟ್ಟಿಗೆಯ ದನಿಯೇ ಬೇರೆ,"
ಪಕ್ಕದವನು ಮೆಲ್ಲಗೆ ಅಂದ,
"ಕಿವಿಯಿಟ್ಟರೆ ನರಳಿದಂತೆ ಕೇಳುತ್ತದೆ."
ಅಡಿಗೆಮನೆಯ ಫ್ರಿಜ್ಜು ನೆನಪಾಯಿತು.
ಮಗಳು ಅವಳಪ್ಪನ ಮನೆಗೆ ಹೋದ ರಾತ್ರಿ
ಅದು ಹಾಗೇ ನರಳಿತ್ತು.
ಕಣ್ಣೊರೆಸಿಕೊಂಡೆ. ಯಾರೋ ಬೆನ್ನು ತಟ್ಟಿದರು.

"ನಿಮ್ಮದು ಎಷ್ಟು ಪೆಟ್ಟಿಗೆ?" ಮುದುಕ ಕೇಳಿದ.
"ಪೆಟ್ಟಿಗೆಯಷ್ಟು ಇಲ್ಲ," ಅಂದೆ,
"ದಿನಕ್ಕೆ ಒಂದು ಬಾಟಲಿ. ಭಾನುವಾರ ಒಂದೂವರೆ."

ಹನ್ನೊಂದು ಜನ ಉಸಿರು ಹಿಡಿದರು.
"ಅದು ಮೇಲಿನ ಮಹಡಿ, ಮಗಳೇ. ನಾವು ಜೇನಿನವರು."

ಮೊದಲು ನಕ್ಕವಳು ನಾನೇ.
ಎಷ್ಟು ತಿಂಗಳ ತುಕ್ಕು ಆ ನಗೆಗೆ! ಕೀಲು ಕಿರುಗುಟ್ಟಿತು.
"ಮಂಗಳವಾರ ಒಬ್ಬರಾದರೂ ಹೀಗೆ ಇಳಿದು ಬರುತ್ತಾರೆ,
ಇಗೋ ಈ ಡೊನಾತಾಸ್, ನಾಲ್ಕು ವರ್ಷದ ಹಿಂದೆ.
ಈಗ ಆರು ಪೆಟ್ಟಿಗೆ ಇಟ್ಟಿದ್ದಾನೆ."
ಡೊನಾತಾಸ್ ನಾಚಿಕೊಂಡ.

ನಮ್ಮ ಲಿಥುವೇನಿಯನ್ನಿನಲ್ಲಿ
ಗೆಳೆಯ ಎಂಬ ಪದದೊಳಗೆ ಒಂದು ಜೇನುಹುಳ ಕೂತಿದೆ.
ಹುಟ್ಟಿದಾಗಿನಿಂದ ಆಡುವ ಪದ.
ಗುಂಯ್ ಅಂದದ್ದು ಆವತ್ತೇ.

ದಿನಾ ನಲವತ್ತು ಮೀಟರು ಏಣಿ ಹತ್ತಿದವಳಿಗೆ
ಹತ್ತೊಂಬತ್ತು ಮೆಟ್ಟಿಲು ಯಾವ ಲೆಕ್ಕ?
ಹತ್ತೊಂಬತ್ತೂ ಲೆಕ್ಕಕ್ಕೆ ಬಂದವು.

ಮೇಲೆ ಬಾಗಿಲು ಅರೆತೆರೆದಿತ್ತು.
ಯಾರೋ ಮಾತಿನ ನಡುವೆ ಇದ್ದರು, ಯಾರೂ ತಿರುಗಲಿಲ್ಲ.
ಕೆಟಲ್ ಪಕ್ಕ ನಿಂತವನು ಏನೂ ಕೇಳದೆ
ಕಾಫಿ ಬಗ್ಗಿಸಿ ಕೊಟ್ಟ, ಲೋಟದ ಅರ್ಧಕ್ಕೆ.

ಜಿಪುಣ, ಅಂದುಕೊಂಡೆ.

ಆಮೇಲೆ ನನ್ನ ಕೈ ನೋಡಿದೆ.
ಹಡಗಿನ ಹೊಟ್ಟೆಯಿಂದ ಮೂವತ್ತು ಟನ್ ಎತ್ತಿ
ಒಂದು ಗೀರೂ ಬೀಳದಂತೆ ಇಳಿಸಿದ ಕೈ.
ಕಾಫಿ ಅಂಚಿನವರೆಗೆ ಎದ್ದೆದ್ದು ಬಿತ್ತು,
ಅಂಚು ದಾಟಲಿಲ್ಲ.